ಹೋಗಬೇಕಿದ್ದ ನಗು

ಬೆಳಗ್ಗೆ ಏಳೂವರೆ. ಮಳೆ ಈಗಷ್ಟೇ ನಿಂತಿದೆ. ಕೆನಡಾದ ವ್ಯಾಂಕೂವರ್‌ನ ವೆಸ್ಟ್ ಎಂಡ್‌ನಲ್ಲಿ ಡೆನ್‌ಮನ್ ರಸ್ತೆ, ಡೇವಿ ರಸ್ತೆ ಸೇರುವ ಮೂಲೆ ಇದು. ಆ ಕಡೆ ಕಾಣುತ್ತಿರುವ ಸಮುದ್ರ ಇಂಗ್ಲಿಷ್ ಬೇ. ಈ ಕಡೆಯ ಪುಟ್ಟ ಹಸಿರು ಜಾಗಕ್ಕೆ ಮಾರ್ಟನ್ ಪಾರ್ಕ್ ಅಂತ ಹೆಸರು.

ಅಪ್ಪ ಅಮ್ಮ ಮೈಸೂರಿನಿಂದ ಬಂದು ಹತ್ತು ದಿನ ಆಯಿತು. ಅವರಿಗೆ ಏನೇನು ತೋರಿಸಬೇಕು ಅಂತ ಪಟ್ಟಿ ಮಾಡುವಾಗ ನಾನು ಮೊದಲು ಬರೆದದ್ದು ಈ ಜಾಗವನ್ನೇ. ಇಲ್ಲಿಗೆ ಬಂದ ಹೊಸದರಲ್ಲಿ, ಮನೆ ನೆನಪು ಜಾಸ್ತಿ ಆದ ದಿನಗಳಲ್ಲಿ, ಒಂದು ಸ್ಟಾಪ್ ಮೊದಲೇ ಬಸ್ಸಿಳಿದು ಇವರ ಮಧ್ಯೆ ನಡೆದುಕೊಂಡು ಹೋಗುತ್ತಿದ್ದೆ. ಇವರು ಅಂದರೆ, ಈ 14 ಜನ.

ನೋಡಿ, ಎಲ್ಲರೂ ಕಂಚಿನವರು. ಒಬ್ಬೊಬ್ಬರೂ ಸುಮಾರು 3 ಮೀಟರ್ ಎತ್ತರ, 250 ಕಿಲೋಗಿಂತ ಜಾಸ್ತಿ ತೂಕ. ಎಲ್ಲರದೂ ಒಂದೇ ಮುಖ. ಕಣ್ಣು ಬಿಗಿಯಾಗಿ ಮುಚ್ಚಿದೆ, ಬಾಯಿ ಇಷ್ಟಗಲ ತೆರೆದಿದೆ, ಹಲ್ಲೆಲ್ಲಾ ಕಾಣುತ್ತಿದೆ. ಮೈಮೇಲೆ ಅಂಗಿ ಇಲ್ಲ, ಬರಿಗಾಲು. ನಿಂತ ಭಂಗಿ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಅಮ್ಮ ಬಂದ ಕೂಡಲೇ ಕೇಳಿದ್ದು, "ಪಾಪ, ಇವರಿಗೆ ಚಳಿ ಆಗಲ್ವೇನೇ?"

ಸ್ವಲ್ಪ ಹತ್ತಿರ ಹೋಗೋಣ. ಇವನ ಕೆಳತುಟಿಯ ಮೇಲೆ ಮಳೆನೀರು ನಿಂತಿದೆ. ಗಾಳಿ ಬೀಸಿದರೆ ಒಂದು ಹನಿ ಗದ್ದದವರೆಗೆ ಜಾರುತ್ತದೆ, ಅಲ್ಲೇ ತೂಗುತ್ತದೆ, ಆಮೇಲೆ ಬೀಳುತ್ತದೆ. ಈಗ ಪಾದ ನೋಡಿ. ಮಕ್ಕಳು ಹತ್ತಿ ಹತ್ತಿ ಹೆಬ್ಬೆರಳಿನ ಹತ್ತಿರ ಕಂಚಿನ ಕಪ್ಪು ಹೋಗಿ ಹೊಳಪು ಬಂದಿದೆ. ನಮ್ಮ ದೇವಸ್ಥಾನಗಳಲ್ಲಿ ಎಲ್ಲರೂ ಮುಟ್ಟಿ ನಮಸ್ಕಾರ ಮಾಡುವ ಹೊಸ್ತಿಲಿನ ಹಿತ್ತಾಳೆ ಹೀಗೇ ಹೊಳೆಯುತ್ತದೆ.

ಇದನ್ನು ಮಾಡಿದವರು ಚೀನಾದ ಕಲಾವಿದ ಯುವೆ ಮಿನ್‌ಜುನ್. ಈ ಮುಖ ಅವರದೇ. ಶಿಲ್ಪಕ್ಕೆ ಇಟ್ಟ ಹೆಸರು 'ಅ-ಮೇಜ್-ಇಂಗ್ ಲಾಫ್ಟರ್'. ಬೆರಗು, ದಾರಿ ತಪ್ಪಿಸುವ ಚಕ್ರವ್ಯೂಹ, ಎರಡೂ ಅರ್ಥ ಆ ಹೆಸರಿನೊಳಗಿದೆ. ಅವರು 1990ರ ದಶಕದಿಂದ ಹೀಗೆ ನಗುವ ತಮ್ಮ ಮುಖವನ್ನೇ ಮತ್ತೆ ಮತ್ತೆ ಬಿಡಿಸುತ್ತಾ ಬಂದಿದ್ದಾರೆ. 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದಲ್ಲಿ ಪ್ರಜಾಪ್ರಭುತ್ವ ಕೇಳಿ ಸೇರಿದ್ದ ಜನರ ಚಳವಳಿಯನ್ನು ಸೇನೆ ಗುಂಡು ಹಾರಿಸಿ ಅಡಗಿಸಿದ ನಂತರದ ವರ್ಷಗಳು ಅವು. ಅದನ್ನು ತಿಳಿದುಕೊಂಡ ಮೇಲೆ ಈ ನಗು ನನಗೆ ಬರೀ ಖುಷಿಯ ನಗು ಅಂತ ಅನ್ನಿಸಿಲ್ಲ. ಇಷ್ಟು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ನಗುವವರ ಒಳಗೆ ಬೇರೇನೋ ಇರುತ್ತದೆ, ಅಲ್ವಾ?

ಈಗ ನಾನು ನಿಮಗೆ ಹೇಳಲೇಬೇಕಾದ ವಿಷಯ. ಇವರು ಇಲ್ಲಿ ಉಳಿಯಬೇಕಾದವರೇ ಅಲ್ಲ.

ವ್ಯಾಂಕೂವರ್ ಬಿಯೆನಾಲೆ ಅಂತ ಒಂದು ಕಲಾ ಪ್ರದರ್ಶನ ಇದೆ. ಬೇರೆ ಬೇರೆ ದೇಶಗಳ ಶಿಲ್ಪಗಳನ್ನು ತಂದು ಪಾರ್ಕು, ಬೀಚುಗಳಲ್ಲಿ ಇಡುತ್ತಾರೆ. ಒಂದೆರಡು ವರ್ಷ ಇಟ್ಟು ವಾಪಸ್ ತೆಗೆಯುವುದೇ ಪದ್ಧತಿ. ಪಾರ್ಕು ಎಲ್ಲರದೂ ಆದ್ದರಿಂದ, ಯಾವ ಶಿಲ್ಪ ಎಷ್ಟು ದಿನ ಅನ್ನುವುದಕ್ಕೆ ಪಾರ್ಕ್ ಬೋರ್ಡಿನ ಒಪ್ಪಿಗೆ ಬೇಕು. ಈ 14 ಜನ ಬಂದದ್ದು 2009ರಲ್ಲಿ, ಹಾಗೆ ನೆಂಟರಾಗಿ.

ಅವಧಿ ಮುಗಿಯಿತು ಅಂತ ಹೊರಟುಹೋದವರೂ ಇದ್ದಾರೆ. ಇಲ್ಲಿಂದ ಸ್ವಲ್ಪ ದೂರದಲ್ಲಿ, ಕೋಲ್ ಹಾರ್ಬರ್‌ನ ಪಾರ್ಕಿನಲ್ಲಿ, 2005ರಲ್ಲಿ ಒಂದು ಚರ್ಚ್ ಆಕಾರದ ಶಿಲ್ಪ ಇಟ್ಟಿದ್ದರು. ತಲೆಕೆಳಗಾದ ಚರ್ಚ್, ಗೋಪುರದ ತುದಿ ನೆಲಕ್ಕೆ ಚುಚ್ಚಿಕೊಂಡಿತ್ತು. ಮಾಡಿದವರು ಅಮೆರಿಕದ ಡೆನಿಸ್ ಓಪನ್‌ಹೈಮ್. ಇಷ್ಟಪಟ್ಟವರೂ ಇದ್ದರು, ಬೇಡ ಅಂದವರೂ ಇದ್ದರು. 2008ರಲ್ಲಿ ಅದನ್ನು ಬಿಚ್ಚಿ ಕ್ಯಾಲ್ಗರಿಗೆ ಸಾಗಿಸಿದರು. ನಾನು ಅದನ್ನು ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ಒಂದು ಸಲವಾದರೂ ಅದರ ನೆರಳಲ್ಲಿ ನಿಂತಿದ್ದರೆ ಅನ್ನಿಸುತ್ತದೆ.

ನಗುವವರು ಉಳಿದದ್ದು ಹೇಗೆ ಅಂದರೆ, 2012ರಲ್ಲಿ ಲುಲುಲೆಮನ್ ಕಂಪನಿ ಕಟ್ಟಿದ ಚಿಪ್ ವಿಲ್ಸನ್ ದಂಪತಿ 15 ಲಕ್ಷ ಡಾಲರ್ ಕೊಟ್ಟರು. ಇಡೀ ಗುಂಪು ಇದೇ ಪಾರ್ಕಿನಲ್ಲಿ ನೆಲೆ ನಿಂತಿತು. ನೋಡಿದವರೆಲ್ಲರಲ್ಲೂ ಇದು ನಗು, ಆಟ, ಸಂತೋಷ ಹುಟ್ಟಿಸಲಿ ಅನ್ನುವ ಮಾತನ್ನು ಇಲ್ಲಿನ ಕಾಂಕ್ರೀಟಿನಲ್ಲಿ ಬರೆದಿದ್ದಾರೆ.

ಶ್ರೀಮಂತ ದಂಪತಿ ದುಡ್ಡು ಕೊಟ್ಟರು, ಶಿಲ್ಪ ಉಳಿಯಿತು. ಈ ಮಾತು ನನ್ನನ್ನು ಸ್ವಲ್ಪ ಕಾಡುತ್ತದೆ. ಆ ದುಡ್ಡು ಬಾರದೆ ಇದ್ದಿದ್ದರೆ? ಕಂಚು ಸುಮ್ನೆ ನಿಂತುಕೊಳ್ಳುವುದಿಲ್ಲ. ಸಮುದ್ರದ ಉಪ್ಪುಗಾಳಿಗೆ ಹಸಿರುಗಟ್ಟುತ್ತದೆ. ಹೊರಗಿಟ್ಟ ಕಂಚನ್ನು ತೊಳೆದು ಮೇಣ ಹಚ್ಚಬೇಕು, ಬುಡ ಅಲ್ಲಾಡದಂತೆ ನೋಡಿಕೊಳ್ಳಬೇಕು. ವರ್ಷವರ್ಷವೂ ಯಾರಾದರೂ ಆ ಖರ್ಚು ಹೊರಬೇಕು. ಆದರೂ ನನಗನ್ನಿಸುವುದು ಇಷ್ಟು. ಆ ದುಡ್ಡಿಗಿಂತ ಮೊದಲೇ ಮೂರು ವರ್ಷ, ಇಲ್ಲಿ ನಡೆದಾಡಿದವರು ಇವರನ್ನು ತಮ್ಮವರು ಮಾಡಿಕೊಂಡಿದ್ದರು. ಇವರ ಹಾಗೇ ಕೈ ಚಾಚಿ, ಬಾಯಿ ತೆರೆದು, ಮಧ್ಯದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದರು. ಪಾದ ಹತ್ತಿದ್ದ ಮಕ್ಕಳಿದ್ದರು. ಯಾರೂ ಮುಟ್ಟದ ಶಿಲ್ಪಕ್ಕೆ ಯಾರು ದುಡ್ಡು ಕೊಡುತ್ತಾರೆ?

ಪಾರ್ಕಿಗೆ ಬಂದದ್ದೆಲ್ಲ ಉಳಿಯಲಿ ಅಂತ ನಾನು ಹೇಳುವುದಿಲ್ಲ. ಹುಲ್ಲು, ಖಾಲಿ ಜಾಗ, ಸಮುದ್ರದ ನೋಟ ಎಲ್ಲವೂ ಬೇಕು. ಆದರೆ ಇವರನ್ನು ಕಳಿಸಿದ್ದರೆ ಈ ಮೂಲೆ ಬಿಕೋ ಅನ್ನುತ್ತಿತ್ತು.

ಅಪ್ಪ ಎಲ್ಲಿ? ಅಲ್ಲಿದ್ದಾರೆ ನೋಡಿ. ಮೈಸೂರಿನಲ್ಲಿ ದಿನಾ ಬೆಳಗ್ಗೆ ಪಾರ್ಕಿನ ಲಾಫಿಂಗ್ ಕ್ಲಬ್‌ಗೆ ಹೋಗುತ್ತಾರೆ. 1995ರಲ್ಲಿ ಡಾಕ್ಟರ್ ಮದನ್ ಕಟಾರಿಯಾ ಮುಂಬೈನ ಒಂದು ಪಾರ್ಕಿನಲ್ಲಿ ಐದು ಜನರನ್ನು ಸೇರಿಸಿ ಶುರು ಮಾಡಿದ ಪದ್ಧತಿ ಅದು. ಹತ್ತು ದಿನದಿಂದ ಅಪ್ಪನಿಗೆ ಗುಂಪು ಇರಲಿಲ್ಲ.

ಈಗ ಬ್ಯಾಗನ್ನು ಅಮ್ಮನ ಕೈಗೆ ಕೊಟ್ಟರು. ಆ ಇಬ್ಬರ ನಡುವಿನ ಜಾಗಕ್ಕೆ ಹೋಗಿ, ಸ್ವೆಟರ್ ಸರಿಮಾಡಿಕೊಂಡು, ಎರಡೂ ಕೈ ಮೇಲೆತ್ತಿದರು. ಇಲ್ಲಿ ನಾನು ಮಾತು ನಿಲ್ಲಿಸುತ್ತೇನೆ. ನೀವು ಸೌಂಡ್ ಜಾಸ್ತಿ ಮಾಡಿಕೊಳ್ಳಿ.