ಪಟೇಲರು ಮೊದಲು ಕೇಳಿದ್ದು ಮೂರೇ ಮೂರು

ಎಲ್ಲರಿಗೂ ನಮಸ್ಕಾರ.

ಒಡೆದ ದೇಶವನ್ನು ಒಂದುಗೂಡಿಸುವುದರಲ್ಲಿ ನಾಯಕರ ಪಾತ್ರ ಏನು ಅಂತ ಮಾತಾಡಲು ಹೇಳಿದ್ದೀರಿ. ವಿಷಯ ದೊಡ್ಡದು. ನಾನು ಸರ್ದಾರ್ ಪಟೇಲರು ಮತ್ತು ಸಂಸ್ಥಾನಗಳ ಕತೆಯೊಂದನ್ನೇ ಹಿಡಿದುಕೊಳ್ಳುತ್ತೇನೆ.

ಪಟೇಲರನ್ನು ಉಕ್ಕಿನ ಮನುಷ್ಯ ಅನ್ನುತ್ತೇವೆ. ಆ ಹೆಸರು ಕೇಳಿದರೆ ಗದರಿಸಿ, ಸೈನ್ಯ ಕಳಿಸಿ ಎಲ್ಲರನ್ನೂ ಸೇರಿಸಿಕೊಂಡರು ಅನ್ನಿಸುತ್ತದೆ. ಬಹುಪಾಲು ಕಡೆ ಹಾಗೆ ನಡೆಯಲೇ ಇಲ್ಲ.

1947ರಲ್ಲಿ ಐನೂರಕ್ಕೂ ಜಾಸ್ತಿ ಸಂಸ್ಥಾನಗಳಿದ್ದವು. ಅವುಗಳ ನೆಲ ಅಖಂಡ ಭಾರತದ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು. ಬ್ರಿಟಿಷರು ಹೊರಟ ಮೇಲೆ ಕಾನೂನಿನ ಪ್ರಕಾರ ಈ ರಾಜರು ಯಾರ ಅಂಕೆಯಲ್ಲೂ ಇಲ್ಲ. ಜುಲೈ 5ರಂದು ಪಟೇಲರು ಅವರಿಗೆ ಒಂದು ಹೇಳಿಕೆ ಕೊಟ್ಟರು. ರಕ್ಷಣೆ, ವಿದೇಶಾಂಗ, ಸಂಪರ್ಕ, ಈ ಮೂರು ವಿಷಯ ಬಿಟ್ಟುಕೊಡಿ ಸಾಕು ಎಂದರು.

ಈ ಮೂರೂ ವಿಷಯಗಳು ರಾಜರ ಕೈಯಲ್ಲಿ ಮೊದಲಾದರೂ ಎಲ್ಲಿದ್ದವು? ಅಷ್ಟು ವರ್ಷ ಬ್ರಿಟಿಷರೇ ನೋಡಿಕೊಳ್ಳುತ್ತಿದ್ದರು. ಅಂದರೆ ತಮ್ಮ ಹತ್ತಿರ ಇಲ್ಲದ್ದನ್ನು ಕೊಡಿ ಅಂತ ಕೇಳಿದ ಹಾಗಾಯಿತು. ಬೇಡ ಅನ್ನುವುದು ಕಷ್ಟ, ಅಲ್ವಾ? ಈ ದಾರಿಯ ಹಿಂದೆ ಇದ್ದವರು ಪಟೇಲರ ಕಾರ್ಯದರ್ಶಿ ವಿ. ಪಿ. ಮೆನನ್. ನಿವೃತ್ತಿಯ ನಂತರ ಬೆಂಗಳೂರಿಗೇ ಬಂದು ನೆಲೆಸಿದವರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಜೋಧಪುರದ ಯುವ ಮಹಾರಾಜ ಹನ್ವಂತ್ ಸಿಂಗ್ ಪಾಕಿಸ್ತಾನದ ಕಡೆ ವಾಲಿದ್ದರು. ಪಟೇಲರು ಅವರಿಗೆ ಆಯುಧ ತರಿಸಲು ಒಪ್ಪಿಗೆ ಕೊಟ್ಟರು, ಬರಗಾಲಕ್ಕೆ ಧಾನ್ಯ ಕೊಡುತ್ತೇವೆ ಎಂದರು, ಕಛ್‌ನ ಬಂದರಿಗೆ ರೈಲು ಹಾಕಲು ಅಡ್ಡಿಯಿಲ್ಲ ಎಂದರು. ಚೌಕಾಸಿ ಅನ್ನಿ, ರಾಜಕೀಯ ಅನ್ನಿ. ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ ಮೇಲೂ ಮಹಾರಾಜರು ಮೆನನ್ ಕಡೆ ಪಿಸ್ತೂಲು ಹಿಡಿದರಂತೆ. ಇದನ್ನು ಮೆನನ್ ಅವರೇ ಬರೆದಿಟ್ಟಿದ್ದಾರೆ.

ಮೈಸೂರಿನ ಜಯಚಾಮರಾಜ ಒಡೆಯರ್ ಆಗಸ್ಟ್ 9ಕ್ಕೇ ಸಹಿ ಹಾಕಿದರು. ಆದರೆ ರಾಜರ ಸಹಿಯಿಂದ ಜನರಿಗೆ ಅಧಿಕಾರ ಬರಲಿಲ್ಲ. ಜನ ಬೀದಿಗಿಳಿದು 'ಮೈಸೂರು ಚಲೋ' ನಡೆಸಬೇಕಾಯಿತು. ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಸರ್ಕಾರ ಬಂತು. ದೆಹಲಿಯ ನಾಯಕರನ್ನು ಹೊಗಳುವಾಗ ಈ ಜನರನ್ನು ಮರೆತುಬಿಡುತ್ತೇವೆ.

ಹೈದರಾಬಾದಿನಲ್ಲಿ ಮಾತುಕತೆ ಸೋತಿತು. 1947ರ ನವೆಂಬರ್‌ನಲ್ಲಿ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆದರೂ ರಜಾಕಾರರ, ಅಂದರೆ ನಿಜಾಮರ ಪರ ನಿಂತಿದ್ದ ಖಾಸಗಿ ಪಡೆಯ, ಹಾವಳಿ ನಿಲ್ಲಲಿಲ್ಲ. 1948ರ ಸೆಪ್ಟೆಂಬರ್ 13ಕ್ಕೆ ಸೈನ್ಯ ಒಳಗೆ ಹೋಯಿತು. 17ಕ್ಕೆ ನಿಜಾಮರು ಶರಣಾದರು. ಬೀದರ್, ಕಲಬುರಗಿ, ರಾಯಚೂರಿನ ಜನರಿಗೆ ಅದು ಬಿಡುಗಡೆಯ ದಿನ. ಆದರೆ ಆಮೇಲಿನ ವಾರಗಳಲ್ಲಿ ಅದೇ ಸೀಮೆಯಲ್ಲಿ ಸಾವಿರಾರು ಮುಸ್ಲಿಮರು ಸತ್ತರು. ಏನಾಯಿತು ಅಂತ ನೋಡಿ ಬರಲು ನೆಹರೂ ಸುಂದರ್‌ಲಾಲ್ ಸಮಿತಿ ಕಳಿಸಿದರು. ಅದರ ವರದಿ ದಶಕಗಳ ಕಾಲ ಹೊರಗೆ ಬರಲಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಬಾವುಟ ಹಾರಿಸುವವರು ಇದನ್ನೂ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಇನ್ನೊಂದು ವಿಚಿತ್ರ: ಸೋತ ನಿಜಾಮರನ್ನೇ ರಾಜಪ್ರಮುಖರನ್ನಾಗಿ, ಅಂದರೆ ರಾಜ್ಯಪಾಲರಂಥ ಸ್ಥಾನದಲ್ಲಿ, ಕೂರಿಸಿದರು. 1956ರವರೆಗೂ ಇದ್ದರು. ಸೈನ್ಯ ಕಳಿಸಿದ ಜಾಗದಲ್ಲೂ ಪಟೇಲರು ಎದುರಾಳಿಗೆ ಒಂದು ಕುರ್ಚಿ ಉಳಿಸಿದರು.

ಮೂರು ವಿಷಯ ಅಂತ ಶುರುವಾದದ್ದು ಅಲ್ಲಿಗೇ ನಿಲ್ಲಲಿಲ್ಲ. ಎರಡೇ ವರ್ಷದಲ್ಲಿ ಹೆಚ್ಚಿನ ರಾಜರು ಆಡಳಿತವನ್ನೇ ಬಿಟ್ಟುಕೊಟ್ಟರು. ಬದಲಿಗೆ ಸಿಕ್ಕಿದ್ದು ರಾಜಧನ, ಅಂದರೆ ಸರ್ಕಾರ ವರ್ಷವರ್ಷ ಕೊಡುವ ಹಣ. ಅದನ್ನು ಸಂವಿಧಾನದಲ್ಲೇ ಬರೆದರು. ಕೊಟ್ಟ ಮಾತು ಉಳಿಸಿಕೊಳ್ಳಬೇಕು ಎಂದು ಪಟೇಲರು 1949ರಲ್ಲಿ ಸಂವಿಧಾನ ಸಭೆಯಲ್ಲಿ ವಾದಿಸಿದರು. 1971ರಲ್ಲಿ ಇಂದಿರಾ ಗಾಂಧಿ ಸರ್ಕಾರ 26ನೇ ತಿದ್ದುಪಡಿ ತಂದು ಅದನ್ನು ತೆಗೆದುಹಾಕಿತು. ಬಡ ದೇಶದಲ್ಲಿ ರಾಜರಿಗೆ ಸುಮ್ನೆ ದುಡ್ಡು ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಆದರೂ ಆ ಮಾತನ್ನು ನಂಬಿಯೇ ಅಲ್ವಾ ಅವರು ಸಹಿ ಹಾಕಿದ್ದು? ನನಗೆ 1971ರ ನಿರ್ಧಾರ ಇವತ್ತಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಒಪ್ಪುವವರು ಇಲ್ಲಿ ಜಾಸ್ತಿ ಇರಬಹುದು. ಈಗ ಪ್ರಶ್ನೆಗಳ ಸಮಯ, ನೀವು ಜಗಳ ಶುರು ಮಾಡಬಹುದು.