ಏಳು ಸಂಜೆಗಳ ಆನ್‌ಲೈನ್ ಸಪ್ತಾಹ: ಯಾವುದು ನಡೆಯುತ್ತದೆ, ಯಾವುದು ಕೆಡುತ್ತದೆ

ಎಲ್ಲರಿಗೂ ನಮಸ್ಕಾರ.

ವಿರಾರ್‌ನಿಂದ ಪನ್ವೇಲ್‌ವರೆಗೆ ಚದುರಿರುವ ಮುಂಬಯಿ ಕನ್ನಡಿಗರನ್ನು ವಾರವಿಡೀ ಪ್ರತಿ ಸಂಜೆ ಮಾಟುಂಗದ ಸಭಾಂಗಣಕ್ಕೆ ಕರೆಸುವುದು ಯಾವ ಸಂಘದಿಂದಲೂ ಆಗುವ ಮಾತಲ್ಲ. ಆನ್‌ಲೈನ್ ಬಳಗದಿಂದ ಆಗುತ್ತದೆ. ಆದರೆ ಸಭಾಂಗಣದ ಕಾರ್ಯಕ್ರಮಪಟ್ಟಿಯನ್ನೇ ಎತ್ತಿ ಪರದೆಗೆ ಹಾಕಿದರೆ ಮೂರನೇ ದಿನಕ್ಕೆ ಜನ ಕರಗುತ್ತಾರೆ. ಸಪ್ತಾಹ ರೂಪಿಸುವಾಗ ಪ್ರತಿ ಕಾರ್ಯಕ್ರಮಕ್ಕೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದು ಸರದಿಯ ಮೇಲೆ ನಡೆಯುವಂಥದ್ದೋ, ಎಲ್ಲರೂ ಒಟ್ಟಿಗೆ ಮಾಡುವಂಥದ್ದೋ? ಸರದಿಯದ್ದಾದರೆ ಆನ್‌ಲೈನಿನಲ್ಲಿ ಚೆನ್ನಾಗಿ ನಡೆಯುತ್ತದೆ. ಒಟ್ಟಿಗಿನದಾದರೆ ಕೆಡುತ್ತದೆ, ಎಷ್ಟೇ ದುಬಾರಿ ಮೈಕ್ ತಂದರೂ.

ಕಾರಣ ಸರಳ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 10 ಮೀಟರ್ ದೂರದಲ್ಲಿ ಕೂತವರ ತಾಳ ನಿಮಗೆ 30 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ, ಅದನ್ನು ಕಿವಿ ಸಹಿಸಿಕೊಳ್ಳುತ್ತದೆ. ವಿಡಿಯೋ ಕರೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 200 ಮಿಲಿಸೆಕೆಂಡ್ ಹಿಡಿದರೆ, ಹಾಡಿ ಉತ್ತರ ಕೇಳುವಷ್ಟರಲ್ಲಿ 400 ಆಯಿತು. ತಾಳದ ಒಂದು ಅಕ್ಷರಕ್ಕೆ, ಅಂದರೆ ಒಂದು ಎಣಿಕೆಗೆ, ಅರ್ಧ ಸೆಕೆಂಡ್ ಇರುವ ಭಜನೆಯಲ್ಲಿ ಅದು ಹೆಚ್ಚುಕಡಿಮೆ ಇಡೀ ಅಕ್ಷರ. ಒಬ್ಬರನ್ನೊಬ್ಬರು ಕಾಯುತ್ತಾ ಹಾಡು ನಿಧಾನವಾಗಿ, ಎರಡನೇ ಚರಣಕ್ಕೆ ನಿಂತೇ ಹೋಗುತ್ತದೆ. ಹಾಗಾಗಿ ಭಜನೆಗೆ ಒಂದೇ ಮನೆ: ಹಾರ್ಮೋನಿಯಂ, ತಬಲಾ, ಮುಖ್ಯ ಗಾಯಕರು ಅಲ್ಲಿ, ಉಳಿದವರು ತಮ್ಮ ಮೈಕ್ ಮುಚ್ಚಿ ಮನೆಯಲ್ಲೇ ದನಿಗೂಡಿಸಲಿ. ನಾಡಗೀತೆಯನ್ನು ಎಲ್ಲರ ದನಿಯಲ್ಲೂ ಕೇಳಿಸಬೇಕೆಂದರೆ ಮುಂಚೆಯೇ ಮುದ್ರಿಸಬೇಕು. ಶ್ರುತಿ-ತಾಳದ ಒಂದೇ ಟ್ರ್ಯಾಕನ್ನು ಎಲ್ಲರಿಗೂ ಕಳಿಸಿ. ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತಾ, ಆರಂಭದಲ್ಲಿ ತಾಳಕ್ಕೆ ಸರಿಯಾಗಿ ಒಂದು ಚಪ್ಪಾಳೆ ಹೊಡೆದು, ಇನ್ನೊಂದು ಫೋನಿನಲ್ಲಿ ಹಾಡು ಮುದ್ರಿಸಲಿ. ಜೋಡಿಸುವವರಿಗೆ ಆ ಚಪ್ಪಾಳೆಯೇ ಗುರುತು. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿಯೇ ಕಳಿಸಬೇಕು, ಇಲ್ಲದಿದ್ದರೆ ವಿಡಿಯೋ ಹಿಂಡಿಹೋಗುತ್ತದೆ.

ಸರದಿಯ ಕಲೆಗಳಿಗೆ ನಮ್ಮಲ್ಲಿ ಬರವಿಲ್ಲ. ಕಾವ್ಯವನ್ನು ರಾಗವಾಗಿ ಓದುವ ಗಮಕವನ್ನೇ ನೋಡಿ: ಗಮಕಿ ಷಟ್ಪದಿ ವಾಚಿಸಿ ನಿಲ್ಲಿಸುತ್ತಾರೆ, ವ್ಯಾಖ್ಯಾನಕಾರರು ಅರ್ಥ ಬಿಡಿಸುತ್ತಾರೆ. ಒಬ್ಬರು ಡೊಂಬಿವಿಲಿಯಲ್ಲಿ, ಇನ್ನೊಬ್ಬರು ಪುಣೆಯಲ್ಲಿ ಇದ್ದರೂ ಏನೂ ಕೆಡುವುದಿಲ್ಲ. ಒಂದು ಗಂಟೆಗೆ ಹನ್ನೆರಡು ಪದ್ಯ ಸಾಕು. ಪದ್ಯದ ಪಠ್ಯವನ್ನು ಪರದೆಯ ಮೇಲೆ ತೋರಿಸಿದರೆ ಕುಮಾರವ್ಯಾಸ ಮೊದಲ ಸಲ ಕೇಳುವವರೂ ಜೊತೆಗೆ ಬರುತ್ತಾರೆ. ಕವಿಗೋಷ್ಠಿಯೂ ಸುಲಭ, ಒಬ್ಬರಿಗೆ ನಾಲ್ಕು ನಿಮಿಷ. ಪೀಠಿಕೆಯೂ ಆ ನಾಲ್ಕರಲ್ಲೇ.

ಎಲ್ಲಕ್ಕಿಂತ ಒಗ್ಗುವುದು ತಾಳಮದ್ದಳೆ, ಅಂದರೆ ವೇಷ, ಕುಣಿತವಿಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ. ಅದನ್ನು ವಾರದ ನಡುವೆ ಹಾಕಬೇಡಿ, ಶನಿವಾರಕ್ಕೆ ಇಡಿ. ಹಿಮ್ಮೇಳ ಮಾತ್ರ ಒಂದೇ ಕೋಣೆಯಲ್ಲಿರಬೇಕು: ಪದ್ಯ ಹಾಡುವ ಭಾಗವತರು, ಮದ್ದಳೆ, ಚೆಂಡೆ. ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು ಎಲ್ಲಿದ್ದರೂ ಸರಿ. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಎರಡೂವರೆ ಗಂಟೆಗೆ ಇಳಿಸಬೇಕಾದ್ದರಿಂದ ಪಾತ್ರ ಕಡಿಮೆ ಇರುವ ವಾಲಿವಧೆಯಂಥದ್ದನ್ನು ಆರಿಸಿ, ಹದಿನೈದರೊಳಗೆ ಪದ್ಯ ಗುರುತುಹಾಕಿ, ಎಲ್ಲರಿಗೂ ಮೂರು ದಿನ ಮೊದಲು ಕಳಿಸಿ. ಏಳಕ್ಕೆ ಶುರುವಾದರೆ ಒಂಬತ್ತೂವರೆಗೆ ಮಂಗಳ ಹಾಡಬಹುದು. ಫ್ಲ್ಯಾಟಿನಲ್ಲಿ ಹತ್ತರ ಮೇಲೆ ಚೆಂಡೆ ಬಾರಿಸಿದರೆ ಮುಂದಿನ ಪ್ರವೇಶ ಸೊಸೈಟಿ ಕಾರ್ಯದರ್ಶಿಯದ್ದು.

ಇಲ್ಲಿ ಕೆಡುವುದು ಎರಡು ಕಡೆ. ಮೊದಲನೆಯದು ಸದ್ದು. ಈ ಆಪ್‌ಗಳು ಮಾತನ್ನು ಉಳಿಸಿ ಉಳಿದುದನ್ನೆಲ್ಲ ಗದ್ದಲವೆಂದು ಒರೆಸಿಹಾಕುತ್ತವೆ. ಒಂದೇ ಸಮನೆ ಹಿಡಿದ ಶ್ರುತಿ ಅವಕ್ಕೆ ಫ್ಯಾನಿನ ಸದ್ದು, ಚೆಂಡೆಯ ಪೆಟ್ಟು ಬಾಗಿಲು ಬಡಿದ ಸದ್ದು. ಭಾಗವತರ ಕಡೆಯ ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ಸೆಟ್ಟಿಂಗಿನಲ್ಲಿ ತೆರೆದು, ಸಭೆ ಶುರುವಾದ ಮೇಲೆ ಪರದೆಯ ಗುಂಡಿಯನ್ನೂ ಒತ್ತಬೇಕು. ಎರಡನೆಯದನ್ನು ಮರೆಯುವವರೇ ಹೆಚ್ಚು. ಆ ಕೋಣೆಯಲ್ಲಿ ಸ್ಪೀಕರ್ ಕೂಡದು, ಭಾಗವತರಿಗೆ ಇಯರ್‌ಫೋನ್. ಮೈಕ್ ಭಾಗವತರಿಗೆ ಹತ್ತಿರ, ಮದ್ದಳೆಗೆ ಮಾರು ದೂರ, ಚೆಂಡೆ ಕೋಣೆಯ ಆ ಮೂಲೆಗೆ.

ಎರಡನೆಯದು ಮಾತಿನ ಚಕಮಕಿ. ವಾಲಿಯ ಮಾತಿನ ನಡುವೆ ಸುಗ್ರೀವ ಬಾಯಿ ಹಾಕಿದರೆ ಎದುರು ಕೂತಾಗ ರಸ. ಕರೆಯಲ್ಲಿ ಇಬ್ಬರ ದನಿಯೂ ತುಂಡಾಗಿ, ಇಬ್ಬರೂ ನಿಂತು, ‘ನೀವು ಹೇಳಿ, ನೀವು ಹೇಳಿ’ ಎನ್ನುತ್ತಾರೆ. ಪರಿಹಾರ ಕಲೆಯೊಳಗೇ ಇದೆ: ಪ್ರತಿ ಮಾತನ್ನೂ ಸಂಬೋಧನೆಯಲ್ಲಿ ಮುಗಿಸಿ. ‘ಏನೆನ್ನುತ್ತೀ, ಸುಗ್ರೀವ?’ ಎಂದರೆ ಸರದಿ ದಾಟಿತು. ನಡುವೆ ನುಗ್ಗಲೇಬೇಕಾದರೆ ಕ್ಯಾಮೆರಾಗೆ ಕೈ ಎತ್ತಬೇಕು. ಅರ್ಥ, ಅಂದರೆ ಪಾತ್ರದ ಮಾತು, ಉದ್ದವಾದರೆ ಭಾಗವತರು ತಾಳ ತಟ್ಟಲಿ. ಅರ್ಥಧಾರಿಗಳೆಲ್ಲ ಇಯರ್‌ಫೋನ್ ಹಾಕಿ ಮೈಕ್ ತೆರೆದೇ ಇಡಲಿ, ಎದುರು ಪಾತ್ರದ ‘ಹೂಂ’ ಕೇಳದೆ ಯಾವ ವಾಲಿಯೂ ಏರುವುದಿಲ್ಲ. ಪ್ರೇಕ್ಷಕರಲ್ಲಿ ನಾಲ್ಕೈದು ಮಂದಿಯಾದರೂ ಮುಖ ತೋರಿಸಿಕೊಂಡು ಕೂರಬೇಕು.

ರಸಪ್ರಶ್ನೆಯಲ್ಲಿ ‘ಮೊದಲು ಹೇಳಿದವರಿಗೆ ಅಂಕ’ ಎಂದರೆ ಗೆಲ್ಲುವುದು ವೇಗದ ಇಂಟರ್ನೆಟ್. ಎಲ್ಲರೂ ಉತ್ತರ ಬರೆದಿಟ್ಟುಕೊಂಡು, ‘ಒತ್ತಿ’ ಎಂದಾಗ ಒಮ್ಮೆಲೇ ಚಾಟಿಗೆ ಕಳಿಸಲಿ. ಸರಿಯಾದವರಿಗೆಲ್ಲ ಅಂಕ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಉತ್ತರವನ್ನು ದೇವನಾಗರಿಯಲ್ಲಿ ಬರೆದರೂ ಒಪ್ಪಿಕೊಳ್ಳಿ. ಕನ್ನಡ ಮಾತಾಡಿದ್ದಾರಲ್ಲ, ಲಿಪಿ ಆಮೇಲೆ. ಅಂತ್ಯಾಕ್ಷರಿಯಲ್ಲಿ ‘ಣ’ ಬಂದರೆ ‘ನ’, ‘ಳ’ ಬಂದರೆ ‘ಲ’ ಎಂದು ಮೊದಲೇ ಸಾರಿಬಿಟ್ಟರೆ ಜಗಳವಿಲ್ಲ.

ನೃತ್ಯದ ವಿಡಿಯೋ ಹಾಕುವವರು ಪರದೆ ಹಂಚುವಾಗ ‘ಶೇರ್ ಸೌಂಡ್’ ಗುರುತು ಹಾಕದಿದ್ದರೆ ಮಗು ನಿಶ್ಶಬ್ದವಾಗಿ ಕುಣಿಯುತ್ತದೆ. ಸಿನಿಮಾ ಹಾಡಿನ ಮೂಲ ಮುದ್ರಿಕೆಗೆ ಕುಣಿದದ್ದನ್ನು ಫೇಸ್‌ಬುಕ್, ಯೂಟ್ಯೂಬಿಗೆ ನೇರ ಬಿಟ್ಟರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಧ್ವನಿ ಹೋಗಬಹುದು, ಪ್ರಸಾರವೇ ನಿಲ್ಲಬಹುದು.

ಔಪಚಾರಿಕತೆಯ ಬಗ್ಗೆ ನನ್ನ ಅಭಿಪ್ರಾಯ ಕಟುವಾದದ್ದೇ. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ಅತಿಥಿ ಪರಿಚಯ, ಅಧ್ಯಕ್ಷರ ಮಾತು, ವಂದನಾರ್ಪಣೆ ಏಳು ದಿನವೂ ಬೇಕಿಲ್ಲ. ಉದ್ಘಾಟನೆಗೆ ಒಮ್ಮೆ, ಸಮಾರೋಪಕ್ಕೆ ಒಮ್ಮೆ. ನಡುವಿನ ಐದು ದಿನ ನಿರೂಪಕರ ಎರಡು ನಿಮಿಷ ಸಾಕು. ಬಿಟ್ಟಿ ಜೂಮ್ ಖಾತೆಯ ಸಭೆ 40 ನಿಮಿಷಕ್ಕೆ ಕಡಿದುಹೋಗುತ್ತದೆ. ಸ್ವಾಗತ ಮುಗಿಯುವ ಹೊತ್ತಿಗೆ ಸರಿಯಾಗಿ! ಒಂದು ತಿಂಗಳ ಮಟ್ಟಿಗೆ ಹಣ ಕೊಟ್ಟ ಖಾತೆ ತೆಗೆದುಕೊಳ್ಳಿ.

ಪ್ರತಿ ಸಂಜೆ ಮೂವರು ಬೇಕು: ಮಾತಾಡಲು ನಿರೂಪಕರು, ಬಾಗಿಲು ಕಾಯಲು ಒಬ್ಬರು, ಮುಂದಿನ ಕಲಾವಿದರನ್ನು ವಾಟ್ಸಾಪಿನಲ್ಲಿ ಸಿದ್ಧಪಡಿಸಲು ಒಬ್ಬರು. ಬಾಗಿಲು ಕಾಯುವವರನ್ನೂ ಸಹ-ಹೋಸ್ಟ್ ಮಾಡಿ, ಮುಖ್ಯ ಹೋಸ್ಟ್ ಮನೆಯ ಕರೆಂಟ್ ಹೋದರೂ ಸಭೆ ನಡೆಯಲಿ. ಲಿಂಕ್ ಬಹಿರಂಗವಾಗಿ ಹಂಚಿದ್ದರೆ ವೇಟಿಂಗ್ ರೂಮ್ ತೆರೆದಿಡಿ, ಪರದೆ ಹಂಚುವ ಹಕ್ಕು ಹೋಸ್ಟ್‌ಗಳಿಗೆ ಮಾತ್ರ.

ವಾರದ ದಿನಗಳಲ್ಲಿ ರಾತ್ರಿ ಒಂಬತ್ತಕ್ಕೆ ಮುಂಚೆ ಶುರುಮಾಡಬೇಡಿ. ಏಳೂವರೆಗೆ ಅರ್ಧ ಬಳಗ ಲೋಕಲ್‌ನಲ್ಲಿ ನೇತಾಡುತ್ತಿರುತ್ತದೆ. ಆದರೂ ಹೋಟೆಲ್ ಕೆಲಸದವರಿಗೆ ಒಂಬತ್ತೂ ಕೂಡಿಬರುವುದಿಲ್ಲ, ಅದು ಗಿರಾಕಿಗಳ ಹೊತ್ತು. ಹಗಲು ದುಡಿದವರು ರಾತ್ರಿ ಓದುತ್ತಿದ್ದ ಕನ್ನಡ ರಾತ್ರಿಶಾಲೆಗಳ ಕಾಲದಿಂದಲೂ ಈ ನಗರದ ಕನ್ನಡ ಚಟುವಟಿಕೆಗೆ ಹೆಗಲು ಕೊಟ್ಟವರು ಅವರು. ಅವರಿಗಾಗಿ ಮುದ್ರಿಕೆಯನ್ನು ಮರುದಿನ ಮಧ್ಯಾಹ್ನ ಮೂರರೊಳಗೆ, ಕೌಂಟರ್ ಖಾಲಿಯಿರುವ ಹೊತ್ತಿಗೆ, ಹದಿನೈದು-ಇಪ್ಪತ್ತು ನಿಮಿಷದ ತುಂಡುಗಳಾಗಿ ಹಾಕಿ. ಎರಡು ಗಂಟೆಯ ಒಂದೇ ಕಡತವನ್ನು ಯಾರೂ ತೆರೆಯುವುದಿಲ್ಲ. ಮಕ್ಕಳಿರುವ ತುಂಡುಗಳನ್ನು ಹಾಕುವ ಮುಂಚೆ ತಂದೆತಾಯಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ.