ಕವಡೆಗೆ ನೆನಪಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜಯಪುರದಿಂದ ಮಾತಾಡುತ್ತಿದ್ದೇನೆ. ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಂಖ್ಯಾಶಾಸ್ತ್ರ ಕಲಿಸಿದ ಮಾಸ್ತರ ನಾನು. ‘ಸಂಭವನೀಯತೆ ಮತ್ತು ಅದರ ವಿತರಣೆಗಳು’ ಅಂತ ವಿಷಯ ಕೊಟ್ಟಿದ್ದಾರೆ. ಜೊತೆಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಕಾಲೇಜಿನಲ್ಲಿ ಇದಕ್ಕೆ ಒಂದು ಇಡೀ ಸೆಮಿಸ್ಟರ್ ಇರುತ್ತಿತ್ತು, ಅದೂ ಸಾಲುತ್ತಿರಲಿಲ್ಲ. ಹಾಗಾಗಿ ಇವತ್ತು ಒಂದೇ ಮಾತು ಹೇಳುತ್ತೇನೆ. ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕವಡೆಗೆ ನೆನಪಿಲ್ಲ.

ನೀವು ಯಾರು ಯಾರು ಕೇಳುತ್ತಿದ್ದೀರಿ ಅಂತ ನನಗೆ ಒಂದು ಅಂದಾಜಿದೆ. ತಿಕೋಟಾ ಕಡೆ ದ್ರಾಕ್ಷಿ ಪಡದಲ್ಲಿ ಮೊಬೈಲ್‌ನಲ್ಲೇ ರೇಡಿಯೊ ಹಚ್ಚಿಕೊಂಡು ಕೆಲಸ ಮಾಡುವವರು. ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಾ ಕೇಳುವ ತಾಯಂದಿರು. ಗಣಿತ ಅಂದಕೂಡಲೇ ‘ನಮಗ್ಯಾಕ್ರೀ ಅದು’ ಅನ್ನುವವರು. ನಿಮಗೇ ಈ ಮಾತು. ಪರೀಕ್ಷೆ ಬರೆಯುವ ಹುಡುಗರಿಗೆ ಪುಸ್ತಕ ಇದೆ.

ಮೊದಲು ಸಂಭವನೀಯತೆ ಅಂದರೆ ಏನು? ಬಹಳ ಸುಲಭ. ಎಲ್ಲಕ್ಕೂ ಸಮ ಅವಕಾಶ ಇದ್ದಾಗ, ಏನೇನು ಆಗಬಹುದು ಅಂತ ಎಣಿಸಿ. ಅದರಲ್ಲಿ ನಮಗೆ ಬೇಕಾದ್ದು ಎಷ್ಟು ಅಂತ ಎಣಿಸಿ. ನಾಣ್ಯಕ್ಕೆ ಎರಡು ಮುಖ, ಬೇಕಾದ್ದು ಒಂದು. ಎರಡಕ್ಕೆ ಒಂದು, ಅಂದರೆ ಅರ್ಧ. ದಾಳಕ್ಕೆ ಆರು ಮುಖ, ಒಂದೊಂದಕ್ಕೂ ಆರಕ್ಕೆ ಒಂದು. ಆಗೋದೇ ಇಲ್ಲ ಅನ್ನುವುದಕ್ಕೆ ಸೊನ್ನೆ, ಆಗಿಯೇ ತೀರುತ್ತದೆ ಅನ್ನುವುದಕ್ಕೆ ಒಂದು, ಉಳಿದದ್ದೆಲ್ಲ ಇವೆರಡರ ನಡುವೆ. ಇಷ್ಟೇ.

ಈಗ ಕ್ರಿಕೆಟ್ಟಿಗೆ ಬನ್ನಿ. 2023ರ ನವೆಂಬರ್ 19, ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್. ನಮ್ಮವರು ಟಾಸ್ ಸೋತರು. ಪಂದ್ಯವನ್ನೂ ಸೋತರು, ಅದು ಬೇರೆ ಸಂಕಟ. ಅಲ್ಲಿಂದ ಶುರುವಾಯ್ತು ನೋಡಿ. ಭಾರತ ಒಂದರ ಹಿಂದೆ ಒಂದು 20 ಏಕದಿನ ಪಂದ್ಯಗಳಲ್ಲಿ ಟಾಸ್ ಸೋತಿತು. ನಾಯಕರು ಬದಲಾದರು, ಊರು ಬದಲಾದವು, ಟಾಸ್ ಮಾತ್ರ ಬದಲಾಗಲಿಲ್ಲ. ಸತತ 20 ಟಾಸ್ ಸೋಲುವ ಸಂಭವ 10,48,576ಕ್ಕೆ ಒಂದು. ಎರಡನ್ನು ಇಪ್ಪತ್ತು ಸಲ ಗುಣಿಸಿ ನೋಡಿ, ಅಷ್ಟೇ ಬರುತ್ತದೆ.

ಆಗ ನಮ್ಮ ಮನೆ ಹತ್ತಿರದ ಚಹಾದ ಅಂಗಡಿಯಲ್ಲಿ ಒಬ್ಬ ಹುಡುಗ ಕೇಳಿದ, ‘ಸರ, ಇವತ್ತರ ಟಾಸ್ ಗೆದ್ದs ಗೆಲ್ತಾರ ಅಲ್ರೀ? ಹತ್ತು ಲಕ್ಷಕ್ಕ ಒಂದು ಅಂತ, ಇನ್ನೆಷ್ಟು ಸೋಲ್ತಾರ್ರೀ?’ ನಾನು, ‘ಅರ್ಧ ಚಾನ್ಸಪಾ’ ಅಂದೆ. ಅವನು ನನ್ನನ್ನು ನೋಡಿದ ರೀತಿ! ಇಷ್ಟು ವರ್ಷ ಸರ್ಕಾರ ಈ ಮನುಷ್ಯನಿಗೆ ಸುಮ್ನೆ ಪಗಾರ ಕೊಟ್ಟಿದೆ ಅನ್ನುವ ಹಾಗೆ.

ಆದರೆ ಅರ್ಧವೇ ನಿಜ. ಹತ್ತು ಲಕ್ಷಕ್ಕೆ ಒಂದು ಅನ್ನುವುದು ಮೊದಲ ಟಾಸಿಗಿಂತ ಮುಂಚೆ ಕೇಳಿದ ಪ್ರಶ್ನೆಗೆ ಉತ್ತರ. ಇಪ್ಪತ್ತು ಟಾಸ್ ಸೋತಾದ ಮೇಲೆ ಅವು ಆಗಿಹೋದವು. ಇನ್ನುಳಿದದ್ದು ಒಂದೇ ನಾಣ್ಯ, ಅದಕ್ಕೆ ಎರಡೇ ಮುಖ. 2025ರ ಡಿಸೆಂಬರ್ 6ರಂದು ವಿಶಾಖಪಟ್ಟಣದಲ್ಲಿ ನಮ್ಮ ಕನ್ನಡಿಗ ಕೆ.ಎಲ್. ರಾಹುಲ್ ಕೊನೆಗೂ ಟಾಸ್ ಗೆದ್ದರು. ಆ ಹುಡುಗ ಮರುದಿನ ನನ್ನ ಮುಂದೆ ಎದೆ ಉಬ್ಬಿಸಿ ನಿಂತ. ಅಲ್ಲಪ್ಪಾ, ಅವತ್ತೂ ಅರ್ಧ ಚಾನ್ಸೇ ಇತ್ತು. ಏನು ಹೇಳೋದು ಇವರಿಗೆ!

ಈ ತಪ್ಪು ನನಗೆ ಮೊದಲು ಗೊತ್ತಾದದ್ದು ಪುಸ್ತಕದಿಂದಲ್ಲ, ನಮ್ಮ ಆಯಿಯಿಂದ. ಇದನ್ನು ಸ್ವಲ್ಪ ಹೇಳಲೇಬೇಕು.

ನಮ್ಮದು ಬಾಗಲಕೋಟೆ ಹತ್ತಿರ ಹೊಳೆದಂಡೆಯ ಹಳ್ಳಿ. ಈಗ ಆ ಊರು ಆಲಮಟ್ಟಿ ಹಿನ್ನೀರಿನೊಳಗೆ ಇದೆ. ಪಂಚಮಿ ಬಂತು ಅಂದರೆ ಬೇವಿನ ಗಿಡಕ್ಕೆ ಜೋಕಾಲಿ, ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ. ಪಡಸಾಲೆಯಲ್ಲಿ ಚೌಕಾಬಾರಾ. ಸುಣ್ಣದ ತುಂಡಿನಿಂದ ಐದು ಸಾಲು, ಐದು ಮನೆ ಬರೆದು, ಆಯಿ ಒಂದು ಕಡೆ, ಬಾಜೂ ಮನೆಯ ಅಜ್ಜಿ ಇನ್ನೊಂದು ಕಡೆ ಕೂತರೆ ಮಧ್ಯಾಹ್ನದ ಊಟ ತಣ್ಣಗಾಗುತ್ತಿತ್ತು. ನಾಲ್ಕು ಕವಡೆ. ಒಂದರ ಬಾಯಿ ಮೇಲೆ ಬಿದ್ದರೆ ಒಂದು, ಎರಡರದ್ದು ಬಿದ್ದರೆ ಎರಡು, ಹಾಗೆ. ನಾಲ್ಕೂ ಬೋರಲು ಬಿದ್ದರೆ ಎಂಟು. ಎಂಟು ಅಂದರೆ ಹಬ್ಬ. ಪಣಕ್ಕೆ ಉಂಡಿ.

ಒಂದು ಆಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಯಿಯ ಒಂದು ಕಾಯಿ ಬಯಲಲ್ಲಿ ನಿಂತಿತ್ತು. ಹಿಂದೆ ಮೂರೇ ಮನೆ ದೂರದಲ್ಲಿ ಆ ಅಜ್ಜಿಯ ಕಾಯಿ. ಆಯಿಗೆ ಎರಡು ಬಿತ್ತು. ಎರಡು ಮನೆ ನಡೆಸಿದ್ದರೆ ಆ ಕಾಯಿ ಕತ್ರಿ ಗೀರಿದ ಮನೆಯಲ್ಲಿ ಕೂರುತ್ತಿತ್ತು. ಅಲ್ಲಿ ಯಾರೂ ಹೊಡೆಯುವ ಹಾಗಿಲ್ಲ. ಆಯಿ ಅದನ್ನು ಮುಟ್ಟಲಿಲ್ಲ, ಬೇರೆ ಕಾಯಿ ನಡೆಸಿದಳು. ನಾನು ‘ಆಯಿ, ಅದನ್ನ ನಡಸಬೇ’ ಅಂದೆ. ‘ಸುಮ್ ಕೂಡೋ ತಮ್ಮಾ. ಮುಂಜಾನಿಂದ ಎಂಟ ಬಿದ್ದಿಲ್ಲ. ಈಗ ಬಿದ್ದs ಬೀಳ್ತೈತಿ. ಆ ಕಾಯಿ ಎಂಟಕ್ಕಂತ ಇಟ್ಟೀನಿ’ ಅಂದಳು. ಬಾಜೂ ಮನೆಯ ಅಜ್ಜಿ ಏನೂ ಮಾತಾಡಲಿಲ್ಲ. ಕವಡೆ ಅಂಗೈಯಲ್ಲಿ ಕುಲುಕಿದಳು, ಹಾಕಿದಳು. ಮೂರು. ಆಯಿಯ ಕಾಯಿ ಹೋಯಿತು. ಐದು ಉಂಡಿಯೂ ಹೋದವು. ಅದರಲ್ಲಿ ಎರಡು ನನ್ನ ಪಾಲಿನವು.

ನನಗೆ ಸಿಟ್ಟು ಬಂತು. ಉಂಡಿ ಸಿಟ್ಟು. ಆಗ ನಾನು ಎಂಟನೇ ಇಯತ್ತೆ. ಒಲೆಯಿಂದ ಒಂದು ಇದ್ದಿಲು ತಂದು ಪಡಸಾಲೆ ಗೋಡೆಯ ಮೇಲೆ ಐದು ಕಂಬ ಮಾಡಿದೆ: ಎಂಟು, ಒಂದು, ಎರಡು, ಮೂರು, ನಾಲ್ಕು. ಕವಡೆ ಬಿದ್ದಾಗೊಮ್ಮೆ ಒಂದು ಗೀಟು. ಶ್ರಾವಣ ಮುಗಿಯುವ ಹೊತ್ತಿಗೆ ಸಾವಿರದ ಮೇಲೆ ಗೀಟು ಆಗಿದ್ದವು. ಗೋಡೆ ಹಾಳು ಮಾಡಿದ್ದಕ್ಕೆ ಅಪ್ಪನಿಂದ ಎರಡು ಏಟೂ ಆಗಿದ್ದವು.

ಗೋಡೆಯಲ್ಲಿ ಎರಡು ಸಂಗತಿ ಕಂಡವು. ಒಂದು, ನಡುವಿನ ಎರಡರ ಕಂಬ ಎಲ್ಲಕ್ಕಿಂತ ಎತ್ತರ. ಅದರ ಆಚೆ ಈಚೆ ಒಂದು, ಮೂರು ಸ್ವಲ್ಪ ಗಿಡ್ಡ. ತುದಿಯಲ್ಲಿ ಎಂಟು, ನಾಲ್ಕು ಬಹಳ ಗಿಡ್ಡ. ಥೇಟ್ ಗುಡ್ಡದ ಹಾಗೆ. ಯಾವುದು ಎಷ್ಟೆಷ್ಟು ಸಲ ಬೀಳುತ್ತದೆ ಅಂತ ತೋರಿಸುವ ಇಂಥ ಚಿತ್ರಕ್ಕೆ ವಿತರಣೆ ಅನ್ನುತ್ತಾರೆ, ಇದು ದ್ವಿಪದ ವಿತರಣೆ ಅಂತ ಆಮೇಲೆ ಬಿ.ಎಸ್ಸಿಯಲ್ಲಿ ತಿಳಿಯಿತು. ಕವಡೆ ಬಾಯಿ ಮೇಲಾಗಿ ಬೀಳುವುದು, ಬೋರಲು ಬೀಳುವುದು ಎರಡೂ ಸಮ ಅಂತ ಹಿಡಿಯಿರಿ. ನಾಲ್ಕು ಕವಡೆ ಬೀಳುವ ರೀತಿ ಒಟ್ಟು ಹದಿನಾರು. ಅದರಲ್ಲಿ ಎಂಟಕ್ಕೆ ಒಂದೇ ರೀತಿ, ಒಂದಕ್ಕೆ ನಾಲ್ಕು, ಎರಡಕ್ಕೆ ಆರು, ಮೂರಕ್ಕೆ ನಾಲ್ಕು, ನಾಲ್ಕಕ್ಕೆ ಒಂದು. ಎರಡು ಜಾಸ್ತಿ ಬೀಳುವುದು ಯಾವ ದೇವರ ಆಟವೂ ಅಲ್ಲ, ಎರಡು ಬೀಳಲಿಕ್ಕೆ ದಾರಿಗಳು ಜಾಸ್ತಿ, ಅಷ್ಟೇ.

ಎರಡನೆಯದೇ ಮುಖ್ಯ. ಹತ್ತು ಸಲ ಹಾಕಿದರೂ ಎಂಟು ಬೀಳದೇ ಹೋದಾಗ ಹನ್ನೊಂದನೇ ಸಲ ಏನು ಬಿತ್ತು ಅಂತ ಬೇರೆ ಗುರುತು ಮಾಡಿದ್ದೆ. ಆಯಿಯ ಲೆಕ್ಕದಲ್ಲಿ ಆಗ ಎಂಟು ಧೋ ಅಂತ ಬೀಳಬೇಕು. ಬೀಳಲಿಲ್ಲ. ಉಳಿದ ಹೊತ್ತಿನಲ್ಲಿ ಎಷ್ಟು ಅಪರೂಪವೋ ಆಗಲೂ ಅಷ್ಟೇ ಅಪರೂಪ. ಕವಡೆಗೆ ನೆನಪಿಲ್ಲ!

ಹಾಗೆ ನೋಡಿದರೆ, ಹತ್ತು ಸಲ ಹಾಕಿ ಒಮ್ಮೆಯೂ ಎಂಟು ಬೀಳದೇ ಇರುವುದು ವಿಶೇಷವೇ ಅಲ್ಲ. ಅದರ ಸಂಭವ ನೂರಕ್ಕೆ 52. ಹದಿನಾರಕ್ಕೆ ಒಂದು ಅಂದರೆ ಹದಿನಾರು ಸಲ ಹಾಕಿದರೆ ಒಂದು ಗ್ಯಾರಂಟಿ ಅಂತಲೂ ಜನ ತಿಳಿಯುತ್ತಾರೆ. ಅಲ್ಲ. ಹದಿನಾರು ಸಲ ಹಾಕಿದರೂ ಒಂದಾದರೂ ಎಂಟು ಬೀಳುವ ಸಂಭವ ನೂರಕ್ಕೆ 64 ಮಾತ್ರ.

ನಾನು ಆಯಿಯನ್ನು ಕರೆದು ಗೋಡೆ ತೋರಿಸಿದೆ. ಎಲ್ಲಾ ಹೇಳಿದೆ. ‘ಆಯಿ, ಕವಡಿಗಿ ನೆನಪ ಇರೂದಿಲ್ಲ’ ಅಂದೆ. ಆಯಿ ಸೆರಗಿನಿಂದ ಮುಖ ಒರೆಸಿಕೊಂಡು, ‘ಅದಕ್ಕ ಇಲ್ಲಂದ್ರ ಏನಾತೋ? ನನಗೈತೆಲ್ಲ!’ ಅಂದಳು.

ಎಷ್ಟೋ ದೊಡ್ಡ ಪುಸ್ತಕ ಓದಿದ ಮೇಲೂ ಈ ವಿಷಯದಲ್ಲಿ ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ನೆನಪು ಇರುವುದು ನಮಗೆ. ಅದನ್ನು ನಾವು ಕವಡೆಯ ತಲೆಗೆ ಕಟ್ಟುತ್ತೇವೆ.

ಆಗ ಜಾಣರು ಒಂದು ಪ್ರಶ್ನೆ ಕೇಳುತ್ತಾರೆ. ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯಾದರೂ ಕೇಳುತ್ತಿದ್ದ. ‘ಸರ್, ಬಹಳ ಸಲ ಹಾಕಿದರೆ ಅರ್ಧಕ್ಕೆ ಬರುತ್ತದೆ ಅಂತ ನೀವೇ ಹೇಳುತ್ತೀರಿ. ಈಗ ಒಂದು ಕಡೆ ಜಾಸ್ತಿ ಬಿದ್ದರೆ, ಮುಂದೆ ಇನ್ನೊಂದು ಕಡೆ ಜಾಸ್ತಿ ಬಿದ್ದು ಸರಿಹೋಗಲೇಬೇಕಲ್ಲ?’ ಒಳ್ಳೆಯ ಪ್ರಶ್ನೆ. ಉತ್ತರ: ಸರಿಹೋಗುವುದಿಲ್ಲ, ಮುಳುಗಿಹೋಗುತ್ತದೆ.

ಜಾನ್ ಕೆರಿಚ್ ಅಂತ ದಕ್ಷಿಣ ಆಫ್ರಿಕಾದ ಗಣಿತದ ಮೇಷ್ಟ್ರು. 1940ರಲ್ಲಿ ಡೆನ್ಮಾರ್ಕಿಗೆ ಹೋಗಿದ್ದಾಗ ಜರ್ಮನರು ಆ ದೇಶದೊಳಗೆ ನುಗ್ಗಿದರು. ಇವರು ಬಂಧನ ಶಿಬಿರದಲ್ಲಿ ಸಿಕ್ಕಿಬಿದ್ದರು. ಅಲ್ಲಿ ಹೊತ್ತು ಹೋಗಬೇಕಲ್ಲ, ಒಂದು ನಾಣ್ಯವನ್ನು ಹತ್ತು ಸಾವಿರ ಸಲ ಚಿಮ್ಮಿಸಿ ಬರೆದಿಟ್ಟರು. ಮೊದಲ 100 ಸಲದಲ್ಲಿ 44 ಹೆಡ್. ಅರ್ಧಕ್ಕೆ ಆರು ಕಡಿಮೆ. 10,000 ಸಲಕ್ಕೆ 5,067. ಅರ್ಧಕ್ಕಿಂತ 67 ಜಾಸ್ತಿ. ನೋಡಿ, ಅಂತರ ಕಡಿಮೆಯಾಗಲಿಲ್ಲ. ಆರು ಇದ್ದದ್ದು ಅರವತ್ತೇಳಾಯಿತು. ಆದರೆ ನೂರರಲ್ಲಿ ಆರು ಎಷ್ಟು ದೊಡ್ಡದು, ಹತ್ತು ಸಾವಿರದಲ್ಲಿ ಅರವತ್ತೇಳು ಎಷ್ಟು ಸಣ್ಣದು! ನೂರಕ್ಕೆ ಆರು ಇದ್ದ ಅಂತರ ನೂರಕ್ಕೆ ಒಂದೂ ಇಲ್ಲದ ಹಾಗಾಯಿತು.

ಒಂದು ತಂಬಿಗೆ ನೀರಿಗೆ ಒಂದು ಹಿಡಿ ಉಪ್ಪು ಹಾಕಿ. ಬಾಯಿಗೆ ಹಾಕಲಾಗುವುದಿಲ್ಲ. ಅದೇ ತಂಬಿಗೆಯನ್ನು ಆಲಮಟ್ಟಿಯಲ್ಲಿ ಸುರಿಯಿರಿ. ಉಪ್ಪನ್ನು ಯಾರಾದರೂ ಹೊರಗೆ ತೆಗೆದರಾ? ಇಲ್ಲ. ಅಷ್ಟೂ ಉಪ್ಪು ಅಲ್ಲೇ ಇದೆ, ನೀರು ಜಾಸ್ತಿಯಾಯಿತು. ನಾಣ್ಯ ಹಳೇ ಸಾಲ ತೀರಿಸುವುದಿಲ್ಲ. ಅದಕ್ಕೆ ಸಾಲ ಮಾಡಿದ್ದೇ ಗೊತ್ತಿಲ್ಲ.

ಇದು ಬರೀ ಆಟದ ಮಾತಾಗಿದ್ದರೆ ನಾನು ಇಷ್ಟು ಗಂಟಲು ಹರಿದುಕೊಳ್ಳುತ್ತಿರಲಿಲ್ಲ. ಮಟಕಾ ಚಟ ಇದ್ದವರು ಹಳೇ ನಂಬರುಗಳ ಚಾರ್ಟ್ ಮುಂದೆ ಇಟ್ಟುಕೊಂಡು ‘ಈ ಅಂಕಿ ಬಹಳ ದಿನದಿಂದ ಬಂದಿಲ್ಲ’ ಅಂತ ದುಡ್ಡು ಕಟ್ಟುತ್ತಾರೆ. ‘ಮೂರು ಹೆಣ್ಣಾದವು, ನಾಲ್ಕನೇದು ಗಂಡೇ’ ಅಂತ ಸೊಸೆಯನ್ನು ಕಾಡುತ್ತಾರೆ. ಅಮ್ಮಾ, ನಾಲ್ಕನೇದಕ್ಕೂ ಹೆಚ್ಚುಕಡಿಮೆ ಅರ್ಧವೇ. ಆ ಹೆಣ್ಣುಮಗಳನ್ನು ಬಿಟ್ಟುಬಿಡಿ. ನಮ್ಮ ಸಂಬಂಧಿಕರೊಬ್ಬರು ಮೂರು ಬೋರ್ ಕೊರೆಸಿದರು, ಮೂರೂ ಫೇಲ್. ‘ಮಾಮಾ, ಇಷ್ಟು ಹೋದ ಮ್ಯಾಲ ನಾಲ್ಕನೇದಕ್ಕ ನೀರು ಬೀಳಾಕಬೇಕು’ ಅಂತ ಹೆಂಡತಿಯ ಬಂಗಾರ ಒತ್ತೆಯಿಟ್ಟು ಅದೇ ಹೊಲದಲ್ಲಿ ನಾಲ್ಕನೇದೂ ಕೊರೆಸಿದರು. ಬರೀ ಧೂಳು ಬಂತು. ಭೂಮಿ ನಮಗೆ ನೀರು ಬಾಕಿ ಇಟ್ಟುಕೊಂಡಿಲ್ಲ. ಉಲ್ಟಾ, ಮೂರು ಕಡೆ ಒಣಗಿದ್ದರೆ ಆ ಹೊಲದಲ್ಲಿ ನೀರೇ ಇಲ್ಲವೇನೋ ಅಂತ ಅನುಮಾನ ಪಡಬೇಕು.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಮೂರು ನಿಮಿಷ ಅಂತೆ. ಇನ್ನೂ ಎರಡು ವಿತರಣೆ ಬಾಕಿ. ಓಡುತ್ತೇನೆ.

ಒಂದು ಪಾಯ್ಸಾನ್. ಅಪರೂಪಕ್ಕೆ ಆಗುವ ಸಂಗತಿಗಳನ್ನು ಎಣಿಸುವಾಗ ಬರುವುದು. ಹಿಂದೆ ಜರ್ಮನಿಯಲ್ಲಿದ್ದ ಪ್ರಷ್ಯಾ ರಾಜ್ಯದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕವನ್ನು ಬೋರ್ಟ್‌ಕೀವಿಚ್ ಅನ್ನುವವರು 1898ರಲ್ಲಿ ಅಚ್ಚು ಹಾಕಿಸಿದರು. ಹತ್ತು ದಳ, ಇಪ್ಪತ್ತು ವರ್ಷ, ಒಂದು ದಳದ ಒಂದು ವರ್ಷಕ್ಕೆ ಒಂದು ಸಾಲು, ಒಟ್ಟು 200 ಸಾಲು, 122 ಸಾವು. ಯಾರೂ ಸಾಯದ ಸಾಲು 109. ಒಬ್ಬ ಸತ್ತದ್ದು 65, ಇಬ್ಬರು 22, ಮೂವರು 3, ನಾಲ್ವರು ಒಂದೇ ಒಂದು. ಪಾಯ್ಸಾನ್ ಸೂತ್ರ ಹಾಕಿದರೆ 109, 66, 20, 4, 1 ಬರುತ್ತದೆ. ನಾಲ್ವರು ಸತ್ತ ದಳದಲ್ಲಿ ಕುದುರೆಗಳೇ ಕೆಟ್ಟವು ಅಂತ ಅವತ್ತು ಯಾರಾದರೂ ಅಂದಿರಬಹುದು. ಆದರೆ 200 ಸಾಲಿನಲ್ಲಿ ಅಂಥದ್ದೊಂದು ಸುಮ್ನೆ ಬಂದುಬಿಡುತ್ತದೆ. ಕುದುರೆಗೂ ನೆನಪಿಲ್ಲ ಅಂದುಕೊಳ್ಳಿ.

ಇನ್ನೊಂದು ನಾರ್ಮಲ್, ಗಂಟೆಯ ಆಕಾರದ್ದು. ಇಂಡಿಯ ಒಂದು ನಿಂಬೆ ಗಿಡ ನೋಡಿ. ಒಂದು ಕಾಯಿಗೆ ಬಿಸಿಲು ಜಾಸ್ತಿ, ಒಂದಕ್ಕೆ ನೀರು ಕಡಿಮೆ, ಒಂದು ಎಲೆ ಮರೆಯಲ್ಲಿ. ಇಂಥ ನೂರು ಸಣ್ಣ ಸಣ್ಣ ಕಾರಣ ಕೂಡಿದಾಗ ಬಹಳ ಕಾಯಿ ನಡುವಿನ ಗಾತ್ರಕ್ಕೆ ಬರುತ್ತವೆ, ಬಹಳ ದೊಡ್ಡವು ಬಹಳ ಸಣ್ಣವು ಕೆಲವೇ. ಸರಾಸರಿಯ ಆಚೆ ಈಚೆ ಒಂದು ಅಳತೆಯೊಳಗೆ ನೂರಕ್ಕೆ 68, ಎರಡು ಅಳತೆಯೊಳಗೆ 95. ಆ ಅಳತೆಗೆ ಮಾನಕ ವಿಚಲನೆ ಅನ್ನುತ್ತಾರೆ, ಕಾಯಿಗಳ ಗಾತ್ರ ಸರಾಸರಿಯಿಂದ ಎಷ್ಟು ಹರಡಿದೆ ಅಂತ ಹೇಳುವುದು. ಅದರ ಲೆಕ್ಕ ಹೇಳಲು ಹೊತ್ತಿಲ್ಲ. ನಮ್ಮೂರ ಹುಡುಗರಿಗೆ ಗಂಟೆ ಬರೆಯಿರಿ ಅಂದರೆ ಗೋಲಗುಮ್ಮಟ ಬರೆದಿಡುತ್ತಿದ್ದರು. ಅಂಕ ಕತ್ತರಿಸುತ್ತಿದ್ದೆ. ಗುಮ್ಮಟ ಗೋಡೆಯ ಮೇಲೆ ಬಂದು ನಿಲ್ಲುತ್ತದೆ. ಈ ಗೆರೆ ನಿಲ್ಲುವುದಿಲ್ಲ, ಎರಡೂ ಕಡೆ ನೆಲಕ್ಕೆ ತಾಗದೆ ಹೋಗುತ್ತಲೇ ಇರುತ್ತದೆ. ನಮ್ಮ ಪಡಸಾಲೆಯ ಗೋಡೆಯಲ್ಲಿ ನಾಲ್ಕರ ಬದಲು ನಲವತ್ತು ಕವಡೆ ಹಾಕಿ ಗೀಟು ಎಳೆದಿದ್ದರೆ ಆ ಗುಡ್ಡವೇ ಹೆಚ್ಚುಕಡಿಮೆ ಈ ಗಂಟೆ ಆಗುತ್ತಿತ್ತು.

ಆ ಗೋಡೆ ನೀರೊಳಗೆ ಹೋಯಿತು. ಊರು ಬಿಡುವಾಗ ಆಯಿ ಕವಡೆಗಳನ್ನು ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು, ಈಗ ನನ್ನ ಹತ್ತಿರ ಇವೆ. ಇವತ್ತು ಜೇಬಿನಲ್ಲಿ ತಂದಿದ್ದೇನೆ. ಸ್ಟುಡಿಯೋದಲ್ಲಿ ಸದ್ದು ಮಾಡಬಾರದು ಅಂತ ಮೊದಲೇ ಹೇಳಿದ್ದಾರೆ, ಆದರೂ ಮೇಜಿನ ಮೇಲೆ ಒಂದೇ ಒಂದು ಸಲ ಹಾಕುತ್ತೇನೆ.

ಎರಡು ಬಿತ್ತು.

ನಮಸ್ಕಾರ.